ಕಡಿಮೆ ಓಡಿದ ಇಂಜಿನ್ನು

ಕೇಳುವ ಮನಸ್ಸಿದ್ದವರು ಕೂತು ಕೇಳಿ. ನಗು ಬಂದರೆ ನಗಿ, ಊರಿನ ಹೆಸರು ಮಾತ್ರ ಕೇಳಬೇಡಿ. ಆ ಊರಿನವರು ಇನ್ನೂ ಇದ್ದಾರೆ, ನನಗೂ ಆ ದಾರಿಯಲ್ಲಿ ಹೋಗಿಬರುವ ಕೆಲಸವಿದೆ. ಎರಡು ರೈಲುದಾರಿ ಬಂದು ಕೂಡುವ ಒಂದು ಜಂಕ್ಷನ್ ಊರು ಅಂತ ಇಟ್ಟುಕೊಳ್ಳಿ, ಸಾಕು.

ಆ ಊರಿನ ಸ್ಟೇಷನ್ ಎದುರಿಗೆ ಶಿವನಂಜಮ್ಮನ ಹೋಟೆಲು. ಶಿವನಂಜಮ್ಮನಿಗೆ ಒಬ್ಬ ಮಗ, ಮರಿದೇವ ಅಂತ. ಇಪ್ಪತ್ತಾರು ವರ್ಷದ ಕಂಬದಂಥ ಆಳು. ತಾಯಿಯ ಮಾತನ್ನು ಒಂದು ದಿನವೂ ಮೀರಿದವನಲ್ಲ, ಅವನ ಜೊತೆಗಿನ ಕಷ್ಟವೇ ಅದು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಕೂದಲಿನಷ್ಟೂ ಆಚೆ ಈಚೆ ಇಲ್ಲ. “ಹಾಲು ನೋಡ್ತಿರು” ಅಂದರೆ ಅದು ಕಾದು, ಉಕ್ಕಿ, ಒಲೆ ಆರುವವರೆಗೂ ಕಣ್ಣು ಮಿಟುಕಿಸದೆ ನೋಡುತ್ತಿದ್ದ. “ಯಾಕ್ಲಾ ಇಳಿಸ್ಲಿಲ್ಲ?” ಅಂದರೆ, “ನೋಡು ಅಂದ್ಯಲ್ಲವ್ವ, ನೋಡ್ದೆ” ಅನ್ನುತ್ತಿದ್ದ. ಸುಳ್ಳಲ್ಲ, ನೋಡಿದ್ದ.

ಈ ಹೋಟೆಲಿನಲ್ಲಿ ಒಂದು ರೈಲಿತ್ತು. ಶಿವನಂಜಮ್ಮನ ಗಂಡ ರುದ್ರಯ್ಯ ರೈಲ್ವೆಯಲ್ಲಿ ಫಿಟ್ಟರಾಗಿದ್ದವನು, ಪಿಂಚಣಿ ಬಂದ ಮೇಲೆ ಸುಮ್ಮನೆ ಕೂರಲಾರದೆ, ಮೇಜುಗಳ ಎತ್ತರಕ್ಕೆ ಗೋಡೆಯ ಸುತ್ತ ಹಲಗೆ ಹೊಡೆದು, ಹಲಗೆಯ ಮೇಲೆ ಸಣ್ಣ ಹಳಿ ಹಾಕಿ, ಮೊಳದುದ್ದದ ಒಂದು ಮಾದರಿ ಇಂಜಿನ್ನು ಕೂರಿಸಿದ್ದ. ಅದರ ಹಿಂದೆ ಮೂರು ಡಬ್ಬಿ. ಒಂದರಲ್ಲಿ ಕಾಯಿಚಟ್ನಿ, ಒಂದರಲ್ಲಿ ಕೆಂಪು ಚಟ್ನಿ, ಒಂದರಲ್ಲಿ ಸಕ್ಕರೆ. ರೈಲು ಮೆಲ್ಲಗೆ ಮೇಜಿನಿಂದ ಮೇಜಿಗೆ ಬರುತ್ತಿತ್ತು, ಗಿರಾಕಿಗಳು ಬೇಕಾದಷ್ಟು ಬಡಿಸಿಕೊಳ್ಳುತ್ತಿದ್ದರು. ರುದ್ರಯ್ಯ ಹೋಗಿ ಆರು ವರ್ಷವಾಗಿತ್ತು, ರೈಲು ಓಡುತ್ತಲೇ ಇತ್ತು. ಅದರ ಸದ್ದು ಕೇಳಿದರೆ ಶಿವನಂಜಮ್ಮನಿಗೆ ಗಂಡ ಇಲ್ಲೇ ಎಲ್ಲೋ ಓಡಾಡಿಕೊಂಡಿದ್ದಾನೆ ಅನ್ನಿಸುತ್ತಿತ್ತು.

ವರ್ಷಕ್ಕೊಂದು ಭಾನುವಾರ ಪಿಂಚಣಿ ಡ್ರೈವರುಗಳ ಸಂಘದವರು, ನಲವತ್ತು ಮಂದಿ, ಅಲ್ಲಿಗೆ ತಿಂಡಿಗೆ ಬರುತ್ತಿದ್ದರು. ಅವರು ಎಲ್ಲಿ ತಿಂದರೋ ಆ ವರ್ಷವಿಡೀ ಸ್ಟೇಷನ್ನಿನ ಜನವೆಲ್ಲ ಅಲ್ಲೇ ತಿನ್ನುತ್ತಿದ್ದರು. ಈಚೆಗೆ ಎದುರುಗಡೆ ಹೊಸ ಹೋಟೆಲು ಬಂದಿತ್ತು, ಫ್ಯಾನು, ಗೋಡೆಗೆಲ್ಲ ಕನ್ನಡಿ. ಸಂಘದ ಹಿರಿಯರಾದ ಸಾಲೊಮನ್ ಡ್ರೈವರು ನಗುತ್ತಲೇ ಹೇಳಿದ್ದರು: “ರೈಲು ಓಡೋ ತನಕ ನಾವು ಇಲ್ಲೇ ಕಣಮ್ಮ. ನಿಂತ ದಿನ ಎದುರಿಗೆ.” ನಗುತ್ತ ಹೇಳಿದ್ದೇ ಶಿವನಂಜಮ್ಮನ ಎದೆಯಲ್ಲಿ ಕೂತುಬಿಟ್ಟಿತ್ತು.

ಆ ಭಾನುವಾರಕ್ಕೆ ಇನ್ನು ಐದು ದಿನ ಇದೆ ಅನ್ನುವಾಗ, ಮಂಗಳವಾರ, ಇಂಜಿನ್ನು ಕಿರ್ ಕಿರ್ ಅಂತು. ಶಿವನಂಜಮ್ಮ ಬೋಂಡ ಕರಿಯುತ್ತಿದ್ದಳು.

“ಮರಿದೇವ, ಇಂಜಿನ್ನು ಎಣ್ಣೆ ಕೇಳ್ತಾ ಐತೆ. ಎಣ್ಣೆ ತೋರ್ಸು” ಅಂದಳು. ಅಂದು ಹಿಟ್ಟು ಕಲಸಲು ಒಳಗೆ ಹೋದಳು. ಬಂದು ನೋಡಿದರೆ ಬಾಣಲೆಯಲ್ಲಿ ಏಳು ಬೋಂಡ, ಒಂದು ಇಂಜಿನ್ನು. ಮರಿದೇವ ಜಾಲರಿ ಹಿಡಿದು ನಿಂತಿದ್ದ.

“ಏನ್ಲಾ ಇದು?”

“ಎಣ್ಣೆ ತೋರಿಸ್ದೆ ಕಣವ್ವ. ಸರಿಯಾಗಿ ಕಾಣ್ಲಿ ಅಂತ ಒಳಗೇ ಬಿಟ್ಟೆ.”

ಇಂಜಿನ್ನಿನ ಪ್ಲಾಸ್ಟಿಕ್ ಮೈ ಕರಗಿ ಕಡಲೆಹಿಟ್ಟಿನ ಜೊತೆ ಒಂದಾಗಿತ್ತು. ಶಿವನಂಜಮ್ಮ ಹಣೆ ಹಣೆ ಚಚ್ಚಿಕೊಂಡಳು. ಅತ್ತರೆ ರೈಲು ಓಡುವುದಿಲ್ಲವಲ್ಲ, ಕಣ್ಣೊರೆಸಿಕೊಂಡು ಯೋಚನೆ ಮಾಡಿದಳು. ರುದ್ರಯ್ಯನ ಕಾಲದಲ್ಲಿ ಊರಿನ ಇನ್ನೂ ಮೂರು ಮನೆಗೆ ಈ ಮಾದರಿ ರೈಲಿನ ಹುಚ್ಚು ಹತ್ತಿತ್ತು. ಮೂರರಲ್ಲಿ ಒಂದು ಮನೆಯವರಾದರೂ ಹಳೇ ಇಂಜಿನ್ನು ಕೊಟ್ಟಾರು. ತಾನೇ ಹೋಗೋಣವೆಂದರೆ ಬೆಳಗಿನಿಂದ ಸಂಜೆಯವರೆಗೆ ಒಲೆ ಬಿಟ್ಟು ಏಳುವ ಹಾಗಿಲ್ಲ. ಇರುವವನು ಮಗನೊಬ್ಬನೇ.

ಹಳೇ ಇಂಜಿನ್ನು ಕೊಳ್ಳುವುದು ಅಂದರೆ ಸುಮ್ಮನೆ ಅಲ್ಲ. ಡಬ್ಬದಿಂದ ತೆಗೆದಾಗ ಎಲ್ಲವೂ ಹೊಸದೇ. ಮಾರುವವರು ಒರೆಸಿ, ಎಣ್ಣೆ ಸವರಿ, “ಒಂದೆರಡು ಸಲ ಓಡ್ಸಿದ್ದು ಅಷ್ಟೇ” ಅನ್ನುತ್ತಾರೆ. ಆ ಒಂದೆರಡು ಸಲ ಅನ್ನುವುದು ಹತ್ತು ವರ್ಷದ ಲೆಕ್ಕ. ಗಂಡನ ಪಕ್ಕ ಕೂತು ಸ್ಕ್ರೂ ಹಿಡಿದುಕೊಟ್ಟ ಶಿವನಂಜಮ್ಮನಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದದ್ದನ್ನು ಮಗನಿಗೆ ಹೇಳಿದಳು.

“ನೋಡಪ್ಪ, ಸ್ಟೇಷನ್ ಮಾಸ್ಟರಾಗಿದ್ದ ಪದ್ಮನಾಭಯ್ಯನೋರ ಮನೆಗೆ ಹೋಗು. ಬಣ್ಣ ನೋಡಿ ಮರುಳಾಗ್ಬೇಡ, ಬಣ್ಣ ಯಾರು ಬೇಕಾದ್ರೂ ಬಳ್ಕೋತಾರೆ. ಹಲ್ಲು ನೋಡು. ಹಲ್ಲು ಸವೆದು ಮೊಂಡಾಗಿದ್ರೆ ಸಿಕ್ಕಾಪಟ್ಟೆ ಓಡೈತೆ ಅಂತ. ಬೇಡ ಅಂದು ಬಂದ್ಬಿಡು.”

“ಆಯ್ತವ್ವ, ಹಂಗೇ ಮಾಡ್ತೀನಿ.”

ಬುಧವಾರ ಮರಿದೇವ ಪದ್ಮನಾಭಯ್ಯನವರ ಮನೆಗೆ ಹೋದ. ಅವರಿಗೆ ಎಪ್ಪತ್ತನಾಲ್ಕು ವರ್ಷ, ತಲೆಗೆ ಕಪ್ಪು ಬಣ್ಣ ಹಚ್ಚಿದ್ದರು. ಮರಿದೇವ ಮರುಳಾಗಲಿಲ್ಲ.

“ಸ್ವಾಮಿ, ಹಲ್ಲು ತೋರ್ಸಿ” ಅಂದ.

ಪದ್ಮನಾಭಯ್ಯ ಏನೋ ತಮಾಷೆಯೆಂದು ನಕ್ಕರು.

“ಮುಂದಿಂದಲ್ಲ, ದವಡೇದು.”

ಪಾಪ, ಈ ಹುಡುಗ ದಂತವೈದ್ಯರ ಹತ್ತಿರ ಕೆಲಸಕ್ಕೆ ಸೇರಿರಬೇಕು ಅಂದುಕೊಂಡು ಅವರು ಬಾಯಿ ತೆರೆದರು. ಮರಿದೇವ ಕಿಟಕಿಯ ಬೆಳಕಿಗೆ ಅವರ ಗಲ್ಲ ತಿರುಗಿಸಿ, ಬಗ್ಗಿ, ಮೇಲಿನ ಸಾಲು ಕೆಳಗಿನ ಸಾಲು ಎಲ್ಲ ನೋಡಿದ. ಐವತ್ತು ವರ್ಷದ ಎಲೆಅಡಿಕೆ ತಿಂದ ಹಲ್ಲು.

“ಸಿಕ್ಕಾಪಟ್ಟೆ ಓಡಿದ್ದೀರಲ್ಲ ಸ್ವಾಮಿ.”

“ಓಡದೆ ಇರಕ್ಕಾಗತ್ತೇನಪ್ಪ? ಮೂವತ್ತೆಂಟು ವರ್ಷ ಸರ್ವೀಸು, ಹದಿನೇಳು ಟ್ರಾನ್ಸ್‌ಫರು.”

“ಹಂಗಾರೆ ಬೇಡ” ಎಂದು ಮರಿದೇವ ಬಂದುಬಿಟ್ಟ. ಪದ್ಮನಾಭಯ್ಯ ಬಾಯಿ ಮುಚ್ಚಲು ಸ್ವಲ್ಪ ಹೊತ್ತಾಯಿತು. ಪಕ್ಕದ ಬೀರುವಿನಲ್ಲಿ ದಾರವನ್ನೂ ಬಿಚ್ಚದ ಡಬ್ಬದಲ್ಲಿ ಅವರ ಇಂಜಿನ್ನು ಕೂತಿತ್ತು.

“ಹಲ್ಲು ನೋಡಿದ್ಯಾ?” ತಾಯಿ ಕೇಳಿದಳು.

“ನೋಡ್ದೆ ಕಣವ್ವ. ಎರಡು ಇಲ್ಲವೇ ಇಲ್ಲ. ಉಳಿದಿದ್ದೆಲ್ಲ ಮೊಂಡು. ಒಂದಕ್ಕೆ ಬೆಳ್ಳಿ ತುಂಬೌರೆ.”

ಶಿವನಂಜಮ್ಮ ಸೌಟು ಕೆಳಗಿಟ್ಟಳು. “ಗೇರಿನ ಹಲ್ಲು ಕಣೋ. ಇಂಜಿನ್ನಿನ ಒಳಗಿನ ಗೇರಿನ ಹಲ್ಲು.”

“ನೀನು ಹಲ್ಲು ಅಂದ್ಯಲ್ಲವ್ವ.”

“ಅಂದೆ ಕಣಪ್ಪ, ಅಂದೆ. ಹಲ್ಲಿನ ಸಹವಾಸ ನಿಂಗೆ ಬೇಡ. ನಾಳೆ ಗಡಿಯಾರ ರಿಪೇರಿ ರವೂಫ್ ಸಾಹೇಬ್ರ ಹತ್ರ ಹೋಗು. ಓಡ್ಸಿ ನೋಡು. ಎರಡು ಸುತ್ತು ಓಡ್ಸು. ಮಧ್ಯ ಮಧ್ಯ ನಿಂತ್ಕೊಂಡ್ರೆ, ಏದುಸಿರು ಬಿಟ್ರೆ, ಬೇಡ ಅಂದು ಬಂದ್ಬಿಡು.”

“ಆಯ್ತವ್ವ, ಹಂಗೇ ಮಾಡ್ತೀನಿ.”

ಗುರುವಾರ ಹೋದ. ರವೂಫ್ ಸಾಹೇಬರು ಒಂದು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಕೂತಿದ್ದರು. ಭಾರೀ ಮೈ, ಸಾಧು ಮನುಷ್ಯರು. ಶಿವನಂಜಮ್ಮ ಹೇಳಿಕಳಿಸಿದ್ದರಿಂದ ಇಂಜಿನ್ನನ್ನು ಆಗಲೇ ಒರೆಸಿ ಮೇಜಿನ ಮೇಲಿಟ್ಟಿದ್ದರು.

“ಸಾಹೇಬ್ರೆ, ಓಡ್ಸಿ ನೋಡ್ಬೇಕಂತೆ.”

“ಅದಕ್ಕೇನಪ್ಪ, ಧಾರಾಳವಾಗಿ ಓಡ್ಸು. ಓಡಿಸ್ದೆ ಯಾರು ತಗೋತಾರೆ?”

“ಹಂಗಾರೆ ಏಳಿ” ಎಂದ ಮರಿದೇವ. ಸಾಹೇಬರು ಹಳಿ ಹಾಕಲು ಜಾಗ ಬೇಕೇನೋ ಎಂದು ಎದ್ದರು. ಮರಿದೇವ ಮೂಲೆಯಲ್ಲಿದ್ದ ಕೊಡೆ ತೆಗೆದುಕೊಂಡು ಮೇಲೆತ್ತಿದ. ಆ ಗಾತ್ರದ ಆಳು ಕೊಡೆ ಎತ್ತಿಕೊಂಡು ಮೇಲೆ ಬಂದರೆ ನೀವಾದರೂ ಏನು ಮಾಡುತ್ತಿದ್ದಿರಿ? ಸಾಹೇಬರು ಓಡಿದರು. ಪಕ್ಕದ ಸ್ಟೇಷನ್ನಿನ ಪಾರ್ಸೆಲ್ ಗೋಡೌನಿನ ಸುತ್ತ ಮೊದಲನೇ ಸುತ್ತು ಒಂದೇ ಉಸಿರಿಗೆ ಮುಗಿಸಿದರು, ಅದನ್ನು ಒಪ್ಪಿಕೊಳ್ಳಲೇಬೇಕು. ಎರಡನೇ ಸುತ್ತಿನ ಅರ್ಧಕ್ಕೆ ಒಂದು ತಳ್ಳುಗಾಡಿಯ ಮೇಲೆ ಕುಸಿದು ಕೂತರು. ಕಣ್ಣಿನ ಭೂತಗಾಜು ಮಾತ್ರ ಬಿದ್ದಿರಲಿಲ್ಲ.

“ನಾನೇನಪ್ಪ ತಪ್ಪು ಮಾಡ್ದೆ?”

“ನಿಮ್ದೇನೂ ತಪ್ಪಿಲ್ಲ ಸಾಹೇಬ್ರೆ. ಮಧ್ಯ ನಿಂತ್ರಿ, ಏದುಸಿರೂ ಬಿಡ್ತಿದ್ದೀರಿ. ಬೇಡ.”

ಕೊಡೆಯನ್ನು ಮಡಿಸಿ ಅವರ ಕೈಗೇ ಕೊಟ್ಟು ಬಂದ.

ಈ ಸಲ ಶಿವನಂಜಮ್ಮನಿಗೆ ವಿಷಯ ಮಗ ಬರುವ ಮೊದಲೇ ಗೊತ್ತಾಗಿತ್ತು, ಇಡೀ ಸ್ಟೇಷನ್ ನೋಡಿತ್ತು. “ಇಂಜಿನ್ನ ಓಡ್ಸು ಅಂದ್ರೆ ಸಾಹೇಬ್ರನ್ನ ಅಟ್ಟಾಡಿಸ್ದೆಯಲ್ಲೋ. ಅವ್ರ ಎದೆ ನಿಂತೋಗಿದ್ರೆ?”

“ಅದನ್ನೇ ನೋಡು ಅಂದ್ಯಲ್ಲವ್ವ, ನಿಲ್ಲುತ್ತಾ ಅಂತ.”

ಶಿವನಂಜಮ್ಮನಿಗೆ ಸಿಟ್ಟು ಬಂತು, ಸಿಟ್ಟಿನ ಬೆನ್ನಿಗೇ ಹೆದರಿಕೆಯೂ ಬಂತು. ಉಳಿದದ್ದು ಒಂದೇ ಮನೆ. “ಕೇಳು. ಗ್ಲೋರಿಯಾ ಟೀಚರ ಮನೆಗೆ ಹೋಗು. ಮನುಷ್ಯರ ತಂಟೆಗೇ ಹೋಗ್ಬೇಡ, ಮಾತೂ ಆಡ್ಬೇಡ. ಇಂಜಿನ್ನ ಕೈಗೆ ತಗೊಂಡು ಬೋರಲು ಹಾಕು. ಗಾಲಿ ನೋಡು. ಬೆಳ್ಳಗೆ ಹೊಳೀತಿದ್ರೆ ಒಳ್ಳೇದು, ಮೇಲಿನ ಲೇಪ ಹೋಗಿ ಹಳದಿ ಹಿತ್ತಾಳೆ ಕಾಣ್ತಿದ್ರೆ ಸವೆದೈತೆ ಅಂತ. ಆಮೇಲೆ ಮೂಸಿ ನೋಡು. ಸುಟ್ಟ ವಾಸನೆ ಬಂದ್ರೆ ಮೋಟಾರು ಹೋಗೈತೆ. ಎಲ್ಲಾ ಬಿಟ್ಟು ಬಂದ್ಬಿಡು.”

“ಆಯ್ತವ್ವ, ಹಂಗೇ ಮಾಡ್ತೀನಿ.”

ಶುಕ್ರವಾರ ಸೈಕಲ್ಲು ಹತ್ತಿ ಹೋದ. ಗ್ಲೋರಿಯಾ ಟೀಚರು ತೀರಿಕೊಂಡ ಒಬ್ಬ ಗಾರ್ಡಿನ ಹೆಂಡತಿ, ಅವತ್ತು ಭಾರೀ ನೆಗಡಿಯಾಗಿ ಮೂಗು ಕಟ್ಟಿತ್ತು. “ಬಾಪ್ಪ, ಶಿವನಂಜಮ್ಮನ ಮಗನಲ್ವಾ?” ಅಂದರು. ಮರಿದೇವ ಮಾತಾಡಲಿಲ್ಲ. “ಕಾಫಿ ಕುಡೀತೀಯಾ?” ಅಂದರು. ಮಾತಾಡಲಿಲ್ಲ. ಸಂಕೋಚದ ಹುಡುಗ ಎಂದುಕೊಂಡು ಟೀಚರು ಹಾಲು ಒಲೆಯ ಮೇಲಿಟ್ಟು ಬಂದು, ಶಿವನಂಜಮ್ಮ ಹೇಳಿಕಳಿಸಿದ್ದ ಇಂಜಿನ್ನನ್ನು ಅವನ ಕೈಗೆ ಕೊಟ್ಟು, ಅದನ್ನು ಗಂಡ ಹೇಗೆ ಮಗುವಿನ ಹಾಗೆ ನೋಡಿಕೊಳ್ಳುತ್ತಿದ್ದ ಅಂತ ಹೇಳತೊಡಗಿದರು.

ಮರಿದೇವ ಇಂಜಿನ್ನನ್ನು ಬೋರಲು ಹಾಕಿದ. ಗಾಲಿ ನೋಡಿದ. ಎಲ್ಲವೂ ಬೆಳ್ಳಗೆ ಹೊಳೆಯುತ್ತಿದ್ದವು, ಹಳದಿಯ ಸುಳಿವೇ ಇಲ್ಲ. ನಿಮ್ಮಾಣೆ, ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಮಾಡಿದ. ಆಮೇಲೆ ಮೂಗು ಮೇಲೆತ್ತಿ ಮೂಸಿದ. ಅಡುಗೆಮನೆಯಲ್ಲಿ ಹಾಲು ಉಕ್ಕಿ, ಪಾತ್ರೆ ಸೀದು, ಮನೆಯೆಲ್ಲ ಸುಟ್ಟ ವಾಸನೆ. ಟೀಚರಿಗೆ ವಾಸನೆ ಗೊತ್ತಾಗುವ ಹಾಗಿಲ್ಲ, ಇವನು ಮಾತಾಡುವ ಹಾಗಿಲ್ಲ. ಇಂಜಿನ್ನು ಕೆಳಗಿಟ್ಟು ಎದ್ದು ಹೊರಟ.

ಹೋಟೆಲಿಗೆ ಬರಿಗಾಲಿನಲ್ಲಿ ನಡೆದು ಬಂದ.

“ಸೈಕಲ್ಲೆಲ್ಲೋ?”

“ಬಿಟ್ಟು ಬಂದೆ.”

“ಚಪ್ಲಿ?”

“ಎಲ್ಲಾ ಬಿಟ್ಟು ಬಾ ಅಂದ್ಯಲ್ಲವ್ವ. ಅಂಗಿ ಬಿಡೋದೋ ಬೇಡ್ವೋ ಗೊತ್ತಾಗ್ಲಿಲ್ಲ, ಹಾಕ್ಕೊಂಡೇ ಬಂದೆ.”

ಅವತ್ತು ಶಿವನಂಜಮ್ಮ ಸಂಜೆಯ ಬೋಂಡ ನಿಲ್ಲಿಸಿ ತಾನೇ ಮೂರೂ ಮನೆಗೆ ಹೋದಳು. ಪದ್ಮನಾಭಯ್ಯನವರು ತಮ್ಮ ಹಲ್ಲಿನ ವಿಷಯ ಊರಲ್ಲೆಲ್ಲ ಆಯಿತೆಂದು ಬಾಗಿಲನ್ನೇ ತೆಗೆಯಲಿಲ್ಲ. ರವೂಫ್ ಸಾಹೇಬರು ಇಂಜಿನ್ನನ್ನು ಅಳಿಯನಿಗೆ ಕೊಟ್ಟು ಮಲಗಿದ್ದರು. ಟೀಚರು ಬೀಗ ಹಾಕಿಕೊಂಡು ಮಗಳ ಮನೆಗೆ ಹೋಗಿದ್ದರು, ಇಂಜಿನ್ನೂ ಜೊತೆಗೇ ಹೋಗಿತ್ತು. ಮೆಟ್ಟಿಲ ಹತ್ತಿರ ಸೈಕಲ್ಲು, ಚಪ್ಪಲಿ ಇದ್ದವು.

ಶನಿವಾರ ಬೆಳಿಗ್ಗೆ ಗಿರಾಕಿಯೊಬ್ಬ ಪಕ್ಕದ ಊರಿನ ಗುಜರಿ ಅಂಗಡಿಯಲ್ಲಿ ಅಂಥದೇ ಒಂದು ಇಂಜಿನ್ನು ನೋಡಿದೆ ಅಂದ. ನಲವತ್ತು ಮಂದಿಗೆ ಅಕ್ಕಿ, ಬೇಳೆ ನೆನೆಹಾಕಿ ರುಬ್ಬಬೇಕು, ಶಿವನಂಜಮ್ಮ ಊರು ಬಿಡುವ ಹಾಗಿಲ್ಲ. ಮಗನನ್ನು ಎದುರಿಗೆ ಕೂರಿಸಿಕೊಂಡು ಗಿಣಿಗೆ ಹೇಳಿದ ಹಾಗೆ ಹೇಳಿದಳು.

“ಹಲ್ಲು ಬೇಡ, ಮೂಗು ಬೇಡ. ಒಂದೇ ಮಾತು. ಎಷ್ಟು ಓಡೈತೆ ಅಂತ ಬಾಯಿಬಿಟ್ಟು ಕೇಳು. ಒಂದೇ ಕೈಯಾಗಿದ್ದದ್ದೇ ಬೇಕು, ಕೈಯಿಂದ ಕೈಗೆ ಹೋಗಿದ್ದು ಬೇಡ. ಕಡಿಮೆ ಓಡಿದಷ್ಟೂ ಒಳ್ಳೇದು. ಓಡೇ ಇಲ್ಲ ಅನ್ನೋದು ಸಿಕ್ಕಿದ್ರಂತೂ ಕಣ್ಣು ಮುಚ್ಕೊಂಡು ತಗೊಂಡ್ಬಾ. ನಾಳೆ ರೈಲು ಓಡ್ದಿದ್ರೆ ನಮ್ ಹೋಟ್ಲು ಮುಗೀತು ಕಣಪ್ಪ.”

“ಆಯ್ತವ್ವ, ಹಂಗೇ ಮಾಡ್ತೀನಿ.”

ಗುಜರಿ ಅಂಗಡಿಯವನ ಮುಂದೆ ನಿಂತು ಮರಿದೇವ ಬಾಯಿ ಬಿಟ್ಟುಕೊಂಡೇ ಕೇಳಿದ. ಎರಡು ಸಲ ಕೇಳಿದರೂ ಅವನಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಮೂರನೇ ಸಲ ಅರ್ಥವಾಯಿತು. ಪ್ರಾಮಾಣಿಕ ಮನುಷ್ಯ, “ತುಂಬಾ ಓಡೈತೆ, ನಾಲ್ಕು ಕೈ ದಾಟೈತೆ, ಆದ್ರೂ ಇನ್ನೂ ಹತ್ತು ವರ್ಷ ಓಡ್ತೈತೆ” ಅಂದ. ಮರಿದೇವ ತಲೆ ಅಲ್ಲಾಡಿಸಿ ಹೊರಗೆ ಬಂದ.

ಪಕ್ಕದಲ್ಲಿ ಹೂವಣ್ಣನ ಬೇಕರಿ. ಗಾಜಿನ ಪೆಟ್ಟಿಗೆಯೊಳಗೆ ಕಪ್ಪು ಕೆಂಪು ಬಣ್ಣದ, ಗಾಲಿ, ಹೊಗೆಕೊಳವೆ ಎಲ್ಲ ಇರುವ, ಮೊಳದುದ್ದದ ಒಂದು ಇಂಜಿನ್ನು. ಯಾರದೋ ಮೊಮ್ಮಗನ ಹುಟ್ಟುಹಬ್ಬಕ್ಕೆ ಮಾಡಿದ್ದು, ಮಗುವಿಗೆ ಮೈತುಂಬ ಅಮ್ಮ ಎದ್ದು ಹಬ್ಬ ನಿಂತು ಅಲ್ಲೇ ಉಳಿದಿತ್ತು.

“ಆಆ, ಆಷ್ಟು ಆಡೈಎ?” ಬಿಟ್ಟ ಬಾಯಿ ಮುಚ್ಚದೆಯೇ ಕೇಳಿದ ಮರಿದೇವ.

ಹೂವಣ್ಣ ನಿಧಾನವಾಗಿ ಬಿಡಿಸಿಕೊಂಡ. “ಎಷ್ಟು ಓಡೈತೆ ಅಂತಾನಾ? ಓಡೋದೆಲ್ಲಿ ಬಂತು. ನಿನ್ನೆ ಮಾಡಿದ್ದು, ಇಟ್ಟ ಜಾಗದಿಂದ ಒಂದಿಂಚು ಕದ್ಲಿಲ್ಲ.”

“ಒಂದೇ ಕೈಯಾಗಿತ್ತಾ?”

“ನನ್ ಕೈಯೊಂದೇ. ಬೇರೆ ಯಾರೂ ಮುಟ್ಟಿಲ್ಲ.”

ಇಂಥದ್ದು ಎಲ್ಲಿ ಸಿಗಬೇಕು? ಮರಿದೇವ ಕಣ್ಣು ಮುಚ್ಚಿಕೊಂಡು ತೆಗೆದುಕೊಂಡ. ಕಣ್ಣು ಮುಚ್ಚಿಕೊಂಡೇ ಮೆಟ್ಟಿಲಿಳಿದು, ಕಣ್ಣು ಮುಚ್ಚಿಕೊಂಡೇ ಬಸ್ಸು ಹತ್ತಿ, ಯಾರೋ ಪುಣ್ಯಾತ್ಮರು ಕೈ ಹಿಡಿದು ದಾಟಿಸಿದ್ದರಿಂದ ಸಂಜೆಗೆ ಮನೆಗೆ ಬಂದ.

ಶಿವನಂಜಮ್ಮ ಡಬ್ಬ ಬಿಚ್ಚಿದಳು. ನೋಡಿದಳು. ಈ ಸಲ ಬಯ್ಯಲಿಲ್ಲ, ಅದಕ್ಕೇ ಮರಿದೇವನಿಗೆ ಗಾಬರಿಯಾಯಿತು. ಅಕ್ಕಿಮೂಟೆಯ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಹೋಟೆಲಿಗೆ ಅತ್ತಳೋ, ಗಂಡನಿಗೆ ಅತ್ತಳೋ, ಇಂಥ ಮಗನಿಗೆ ಅತ್ತಳೋ, ಮೂರಕ್ಕೂ ಸೇರಿಸಿಯೇ ಅತ್ತಳು.

“ಇನ್ನೇನು ಮಾಡ್ಲವ್ವ?”

“ಏನೂ ಮಾಡ್ಬೇಡ. ನಾಳೆ ರೈಲಿಲ್ಲ. ಬೇಕಿದ್ರೆ ನೀನೇ ಎಳ್ಕೊಂಡೋಗು.”

“ಆಯ್ತವ್ವ, ಹಂಗೇ ಮಾಡ್ತೀನಿ.”

ಭಾನುವಾರ ಎಂಟು ಗಂಟೆಗೆ ನಲವತ್ತು ಮಂದಿ ಬಂದರು. ಕೂತರು. ಇಡ್ಲಿ ಬಂತು. ಯಾರೂ ಕೈ ಹಾಕಲಿಲ್ಲ, ಎಲ್ಲರೂ ಹಳಿಯ ಕಡೆಗೇ ನೋಡುತ್ತ ಕೂತರು. ಹಳಿಯ ತುದಿಯಲ್ಲಿ ಕೇಕಿನ ಇಂಜಿನ್ನು ಅಲ್ಲಾಡದೆ ನಿಂತಿತ್ತು. ಶಿವನಂಜಮ್ಮ ಒಲೆಯ ಹಿಂದೆ ನಿಂತು, ಈಗ ಏಳುತ್ತಾರೆ, ಈಗ ಎದುರಿನ ಹೋಟೆಲಿಗೆ ಹೋಗುತ್ತಾರೆ ಎಂದು ಕಾಲ ಸಪ್ಪಳಕ್ಕೆ ಕಿವಿಗೊಟ್ಟಿದ್ದಳು.

ಆಗ “ಕೂ” ಅಂತ ಕೇಳಿಸಿತು.

ಹಿತ್ತಲ ಬಾಗಿಲಿನಿಂದ ಮರಿದೇವ ಬಂದ. ಕೇಕನ್ನು ಎತ್ತಿ ಪಕ್ಕಕ್ಕಿಟ್ಟ. ಮೂರು ಡಬ್ಬಿಗೆ ಕಟ್ಟಿದ್ದ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು, ನಡು ಬಗ್ಗಿಸಿ, ಎರಡೂ ಮೊಣಕೈಗಳನ್ನು ಇಂಜಿನ್ನಿನ ಸಲಾಕೆಗಳ ಹಾಗೆ ಹಿಂದೆ ಮುಂದೆ ಆಡಿಸುತ್ತ ಹಲಗೆಯ ಪಕ್ಕದಲ್ಲೇ ಹೊರಟ. ಪ್ರತಿ ಮೇಜಿನ ಹತ್ತಿರ ನಿಂತ. ಚಟ್ನಿ ಬಡಿಸಿಕೊಳ್ಳುವವರೆಗೆ ಬುಸ್ ಬುಸ್ ಅಂದ. ಮತ್ತೆ ಕೂ ಅಂದು ಹೊರಟ. ಮುಖದಲ್ಲಿ ನಗುವಿಲ್ಲ, ತಮಾಷೆಯಿಲ್ಲ. ಅವನಿಗೆ ಅದು ಕೆಲಸ.

ಮೂರು ಸುತ್ತು ಆದ ಮೇಲೆ ಸಾಲೊಮನ್ ಡ್ರೈವರು ತಟ್ಟೆ ಬಿಟ್ಟು ಎದ್ದರು. ಕೈ ಅಡ್ಡ ಹಿಡಿದು ರೈಲು ನಿಲ್ಲಿಸಿದರು. ನಲವತ್ತೊಂದು ವರ್ಷ ಇಂಜಿನ್ನು ನೋಡಿದ ಮನುಷ್ಯ, ಮರಿದೇವನ ಸುತ್ತ ಒಂದು ಸುತ್ತು ಬಂದರು. ಎದೆಗೆ ಕಿವಿ ಇಟ್ಟು ಕೇಳಿದರು. ಬೆನ್ನು ತಟ್ಟಿದರು. ಪಾದ ಎತ್ತಿಸಿ ಹಿಮ್ಮಡಿ ನೋಡಿದರು. ಕೊನೆಗೆ ತಲೆಯ ಮೇಲೆ ಬೆರಳಿನಿಂದ ಟಕಟಕ ಹೊಡೆದು ತಮ್ಮವರ ಕಡೆ ತಿರುಗಿದರು.

“ಕೆಳಗಡೆ ಒಂದಿಷ್ಟು ಸವೆದಿದೆ. ಮೇಲ್ಗಡೆ ಹೊಚ್ಚ ಹೊಸದು. ಹುಟ್ಟಿದಾಗಿಂದ ಓಡ್ಸೇ ಇಲ್ಲ.”

ನಲವತ್ತು ಮಂದಿಯೂ ನಕ್ಕರು. ನಕ್ಕು ಇಡ್ಲಿಗೆ ಕೈ ಹಾಕಿದರು. “ಬರೋ ವರ್ಷವೂ ಇಲ್ಲೇ ಕಣಮ್ಮ, ಇಂಥ ಇಂಜಿನ್ನು ಎದುರಿಗೆಲ್ಲಿ ಸಿಗುತ್ತೆ” ಎಂದರು ಸಾಲೊಮನ್. ಶಿವನಂಜಮ್ಮ ಒಲೆಯ ಹಿಂದಿನಿಂದ ಈಚೆಗೆ ಬಂದಳು. ಮಂಗಳವಾರದಿಂದ ಮೊದಲ ಸಲ ಅವಳಿಗೆ ಉಸಿರು ಪೂರ್ತಿ ಬಂತು. ಮಗನ ಬೆವರನ್ನು ಸೆರಗಿನಿಂದ ಒರೆಸಿದಳು.

ಮರಿದೇವ ಇನ್ನೂ ಎಂಟು ಸುತ್ತು ಎಳೆದ. ಸಂಘದವರು ಕಾಫಿಯ ಜೊತೆ ಕೇಕಿನ ಇಂಜಿನ್ನನ್ನೂ ತಿಂದು ಮುಗಿಸಿದರು. ಹನ್ನೊಂದನೇ ಸುತ್ತಿಗೆ ಸಾಲೊಮನ್ ಡ್ರೈವರು ಅವನ ಹಣೆ ಮುಟ್ಟಿ ನೋಡಿ, “ಇಂಜಿನ್ನು ಕಾದಿದೆ ಕಣಮ್ಮ. ಶೆಡ್ಡಿಗೆ ಕಳಿಸು” ಅಂದರು. ಸಂತೋಷದಲ್ಲಿದ್ದ ಶಿವನಂಜಮ್ಮ ಯೋಚನೆ ಮಾಡದೆ, “ಹೂಂ ಕಣಪ್ಪ, ಶೆಡ್ಡಿಗೆ ಹೋಗು” ಅಂದುಬಿಟ್ಟಳು. ಒಳಗೆ ಹೋಗಿ ಮಲಗು ಅಂತ ಅವಳ ಅರ್ಥ.

ಮರಿದೇವ ಹಗ್ಗ ಬಿಚ್ಚಿಟ್ಟು ಹೊರಟ. ಊರಾಚೆ ಎರಡು ಮೈಲಿ ನಡೆದು ರೈಲ್ವೆ ಶೆಡ್ಡಿಗೆ ಹೋದ. ಎರಡು ದೊಡ್ಡ ಇಂಜಿನ್ನುಗಳು ಸರದಿಯಲ್ಲಿ ನಿಂತಿದ್ದವು. ಅವುಗಳ ಹಿಂದೆ, ನೆರಳಿನಲ್ಲಿ, ಇವನೂ ನಿಂತ. ಕೆಲಸದಲ್ಲಿದ್ದ ಮೇಸ್ತ್ರಿ ನೋಡಿ ಕೇಳಿದ.

“ಏನಪ್ಪ ಇಲ್ಲಿ?”

“ಕಾದಿದ್ದೀನಿ.”

“ಯಾರಿಗೆ?”

“ಯಾರಿಗೂ ಅಲ್ಲ. ಸುಮ್ನೆ ಕಾದಿದ್ದೀನಿ.”

ಮೇಸ್ತ್ರಿಗೆ ಕೈತುಂಬ ಕೆಲಸ. “ಸರಿ, ನಾನು ಬರೋ ತನಕ ಹಂಗೇ ಕಾಯ್ತಾ ಇರು” ಎಂದು ಒಳಗೆ ಹೋದ.

ಮರಿದೇವ ಒಂದು ಕ್ಷಣ ಯೋಚಿಸಿದ. ಹಣೆ ಮುಟ್ಟಿ ನೋಡಿಕೊಂಡ. ನೆರಳಿನಲ್ಲಿ ನಿಂತು ಮೈ ಆಗಲೇ ತಣ್ಣಗಾಗತೊಡಗಿತ್ತು, ಹೇಳಿದ ಮಾತು ತಪ್ಪಿಹೋಗುವ ಹಾಗಿತ್ತು. ಅವಸರದಿಂದ ಹೊರಗೆ ಬಂದು, ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ, ಒಂದು ಕಬ್ಬಿಣದ ಹಲಗೆಯ ಮೇಲೆ ಅಂಗಿ ಬಿಚ್ಚಿ ಅಂಗಾತ ಮಲಗಿದ. ಮಗನನ್ನು ಹುಡುಕಿಕೊಂಡು ಶಿವನಂಜಮ್ಮ ಅಲ್ಲಿಗೆ ಬಂದಾಗ ಅವನ ಎದೆಯ ಕಡೆ ಕೆಂಪಗೆ ಕಾದಿತ್ತು. ತಾಯಿಯನ್ನು ನೋಡಿ, ಇನ್ನೊಂದು ಮಗ್ಗುಲು ಬಾಕಿ ಇದೆ ಎಂದು ಹೊರಳಿ ಮಲಗಿದ.